ಮಸಾಯಿ ಮಾರಾಗೆ ಐದು ಸ್ಟಾರ್ ಕೊಡುವ ಮುಂಚೆ

ಆಫ್ರಿಕಾ ಸಫಾರಿ ಬಗ್ಗೆ ಬರೆಯುವವರು ಪಾರ್ಕ್‌ಗಳಿಗೆ ಮಾರ್ಕ್ಸ್ ಹಾಕೋ ರೀತಿ ಹೆಚ್ಚುಕಡಿಮೆ ಒಂದೇ. ಸಿಂಹ ಕಂಡಿತಾ? ಚಿರತೆ ಎಷ್ಟು ಹತ್ತಿರ ಬಂತು? ‘ಬಿಗ್ ಫೈವ್’ ಅಂತಾರಲ್ಲ, ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡೆಮ್ಮೆ, ಐದೂ ಸಿಕ್ಕವಾ? ಸಿಕ್ಕಿದ್ದರೆ ಪಾರ್ಕ್ ಸೂಪರ್. ಇಲ್ಲದಿದ್ದರೆ ‘ಪರವಾಗಿಲ್ಲ’. ನಾನೂ ಪ್ರವಾಸದ ಬಗ್ಗೆ ಬರೆಯುತ್ತೇನೆ. ಓದುಗರು ನನ್ನನ್ನು ಕೇಳೋದೂ ಇದನ್ನೇ: ಮಾರಾ ಒಳ್ಳೆಯದಾ, ಸೆರೆಂಗೆಟಿಯಾ, ಕ್ರೂಗರಾ? ಪ್ರಾಣಿ ಜಾಸ್ತಿ ಕಾಣೋದು ಎಲ್ಲಿ?

ಈ ಪ್ರಶ್ನೆಗೆ ಉತ್ತರ ಕೊಡೋದು ಸುಲಭ. ಆದರೆ ಆ ಉತ್ತರ ನಂಬಿ ಮೂರ್ನಾಲ್ಕು ಲಕ್ಷ ಖರ್ಚು ಮಾಡಿಕೊಂಡು ಹೋದವರು ಎಷ್ಟೋ ಸಲ ಬೇಸರ ಮಾಡಿಕೊಂಡು ವಾಪಸ್ ಬರುತ್ತಾರೆ. ಪ್ರಾಣಿ ಕಾಣದೆ ಅಲ್ಲ, ಜನ ಜಾಸ್ತಿ ಕಂಡು. ಒಂದು ಪಾರ್ಕ್ ಒಳ್ಳೆಯದೋ ಅಲ್ಲವೋ ಅಂತ ತೀರ್ಮಾನ ಮಾಡೋಕೆ ನಾನು ನೋಡೋದು ಎರಡೇ ಸಂಗತಿ: ಅಲ್ಲಿ ಗಾಡಿಗಳಿಗೆ ಏನು ನಿಯಮ ಇದೆ, ಆ ನೆಲ ಯಾರದ್ದು. ಇವೆರಡು ಗೊತ್ತಾದರೆ ಉಳಿದದ್ದನ್ನು ಅಂದಾಜು ಮಾಡಬಹುದು.

ಕೀನ್ಯಾದ ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶದಿಂದಲೇ ಶುರು ಮಾಡೋಣ. ನಮ್ಮ ಕಡೆಯಿಂದ ಹೋಗುವವರಲ್ಲಿ ಹೆಚ್ಚಿನವರು ಮೊದಲು ನೋಡೋದು ಅದನ್ನೇ. ಸುಮಾರು 1,510 ಚದರ ಕಿ.ಮೀ. ಹುಲ್ಲುಗಾವಲು. ತಾಲೆಕ್ ಗೇಟಿನ ಆಚೆ ಒಂದು ಬೆಳಿಗ್ಗೆ ಕಂಡದ್ದನ್ನು ಹೇಳುತ್ತೇನೆ. ಒಂದು ಹುತ್ತದ ಮೇಲೆ ಹೆಣ್ಣು ಚೀತಾ ಕೂತಿತ್ತು, ಸ್ವಲ್ಪ ದೂರದಲ್ಲಿ ಜಿಂಕೆ ಥರದ ನಾಲ್ಕೈದು ಗೆಜೆಲ್‌ಗಳು ಮೇಯುತ್ತಿದ್ದವು. ನಮ್ಮ ಡ್ರೈವರ್‌ನ ರೇಡಿಯೊದಲ್ಲಿ ಸ್ವಾಹಿಲಿಯಲ್ಲಿ ‘ಡೂಮಾ, ಡೂಮಾ’ ಅಂತ ಕೇಳಿಸಿತು, ಅಂದರೆ ಚೀತಾ. ಹತ್ತು ನಿಮಿಷ ಕೂಡ ಆಗಿರಲಿಲ್ಲ, ಛಾವಣಿ ಎತ್ತಿದ ವ್ಯಾನುಗಳು, ಲ್ಯಾಂಡ್ ಕ್ರೂಸರ್‌ಗಳು ಎಲ್ಲಾ ದಿಕ್ಕಿನಿಂದ ಧೂಳೆಬ್ಬಿಸಿಕೊಂಡು ಬಂದವು. ಚೀತಾ ಇಳಿದು ಹುಲ್ಲಿನಲ್ಲಿ ಮೈ ತಗ್ಗಿಸಿ ಹೆಜ್ಜೆ ಇಡೋಕೆ ಶುರು ಮಾಡಿತು. ಫೋಟೊಗೆ ಮುಂದಿನಿಂದ ಸಿಗಲಿ ಅಂತ ಎರಡು ಗಾಡಿ ಅದರ ದಾರಿಗೇ ಹೋಗಿ ನಿಂತವು. ಗೆಜೆಲ್‌ಗಳು ತಲೆ ಎತ್ತಿದವು, ಓಡಿದವು. ಚೀತಾ ಮತ್ತೆ ಬಂದು ಹುತ್ತ ಹತ್ತಿತು.

ಇದನ್ನು ಯಾಕೆ ಇಷ್ಟು ವಿವರವಾಗಿ ಹೇಳಿದೆ ಅಂದರೆ, ಇದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದವರಿದ್ದಾರೆ. ಚೀತಾ ಹೆಚ್ಚಾಗಿ ಬೇಟೆಯಾಡೋದು ಹಗಲಲ್ಲಿ. ರಾತ್ರಿ ಸಿಂಹ, ಕತ್ತೆಕಿರುಬಗಳ ಕಾಟ, ಅವು ಬೇಟೆಯನ್ನೂ ಕಸಿಯುತ್ತವೆ, ಮರಿಗಳನ್ನೂ ಕೊಲ್ಲುತ್ತವೆ. ಹಾಗಾಗಿ ನಾವು ಸಫಾರಿಗೆ ಹೋಗುವ ಹೊತ್ತು, ಅದು ಹೊಟ್ಟೆ ಹೊರೆಯುವ ಹೊತ್ತು, ಎರಡೂ ಒಂದೇ. 2018ರಲ್ಲಿ ಪ್ರಕಟವಾದ ಮಾರಾದ ಒಂದು ಅಧ್ಯಯನದ ಪ್ರಕಾರ, ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ಸೂಲಿನಲ್ಲಿ ಸರಾಸರಿ 2.3 ಮರಿಗಳು ಬೆಳೆದು ದೊಡ್ಡವಾಗುತ್ತಿದ್ದವು. ಪ್ರವಾಸಿಗರು ಜಾಸ್ತಿ ಇರುವ ಕಡೆ ಆ ಸಂಖ್ಯೆ 0.2. ಅಂದರೆ ಐದು ಸಲ ಮರಿ ಹಾಕಿದರೆ ಒಂದು ಮರಿ ಉಳಿಯಬಹುದು, ಅಷ್ಟೇ. ‘ಚೀತಾ ನೋಡೋಕೆ ಮಾರಾದಷ್ಟು ಒಳ್ಳೆ ಜಾಗ ಇಲ್ಲ’ ಅಂತ ಬರೆಯುವವರು ಈ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆಯಬೇಕು ಅಲ್ವಾ?

ಡ್ರೈವರ್‌ಗಳನ್ನು ಬೈದು ಸುಮ್ಮನಾಗೋದು ನ್ಯಾಯ ಅಲ್ಲ. ಅವರ ಸಂಪಾದನೆಯಲ್ಲಿ ಟಿಪ್ಸ್ ದೊಡ್ಡ ಪಾಲು. ಗಾಡಿಯಲ್ಲಿ ಕೂತ ಆರು ಜನ ಮೂರು ದಿನದಲ್ಲಿ ಐದೂ ಪ್ರಾಣಿ ನೋಡಲೇಬೇಕು ಅಂತ ಬಂದಿರುತ್ತಾರೆ. ಪಕ್ಕದ ಗಾಡಿ ಮುಂದೆ ಹೋದಾಗ ‘ನೀವೂ ಹೋಗಿ’ ಅಂತ ಭುಜ ತಟ್ಟುತ್ತಾರೆ. ನಿಯಮ ಮುರಿದರೆ ದಂಡ ಬೀಳಬಹುದು, ಬೀಳದೆಯೂ ಇರಬಹುದು. ಮುರಿಯದಿದ್ದರೆ ಟಿಪ್ಸ್ ಕಡಿಮೆಯಾಗೋದು ಗ್ಯಾರಂಟಿ. ಹೀಗಿರುವಾಗ ಅವರು ಏನು ಮಾಡುತ್ತಾರೆ ಹೇಳಿ. ಇದು ಸರಿಯಾಗಬೇಕಾದರೆ ದಂಡ ಹಾಕುವವರು ಸ್ಥಳದಲ್ಲಿ ಇರಬೇಕು.

ಅದೇ ಮಾರಾದಲ್ಲಿ ಅದು ಆಗಿರುವ ಜಾಗವೂ ಇದೆ. ಮಾರಾ ನದಿಯ ಪಶ್ಚಿಮಕ್ಕೆ, ಇಡೀ ಮೀಸಲು ಪ್ರದೇಶದ ಸುಮಾರು ಮೂರನೇ ಒಂದು ಭಾಗಕ್ಕೆ ಮಾರಾ ಟ್ರಯಾಂಗಲ್ ಅಂತ ಹೆಸರು. 2001ರಿಂದ ಅದರ ಆಡಳಿತ ಮಾರಾ ಕನ್ಸರ್ವೆನ್ಸಿ ಅನ್ನುವ ಲಾಭರಹಿತ ಸಂಸ್ಥೆಯ ಕೈಯಲ್ಲಿದೆ. ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದು, ಉಳಿದವರು ದೂರದಲ್ಲಿ ಕಾಯಬೇಕು, ಅನ್ನೋ ನಿಯಮ ಅಲ್ಲಿ ಬರೀ ಬೋರ್ಡಿನಲ್ಲಿ ಇಲ್ಲ. ರೇಂಜರ್‌ಗಳು ಬಂದು ದಂಡ ಹಾಕುತ್ತಾರೆ. ಅದೇ ಹುಲ್ಲು, ಅದೇ ಸಿಂಹ. ನದಿ ದಾಟಿದ ಕೂಡಲೇ ಅನುಭವವೇ ಬೇರೆ. ಬೆಂಗಳೂರಿನ ಟೂರ್ ಪ್ಯಾಕೇಜ್‌ಗಳಲ್ಲಿ ‘3 ರಾತ್ರಿ ಮಸಾಯಿ ಮಾರಾ’ ಅಂತ ಇರುತ್ತದೆ, ನದಿಯ ಯಾವ ಕಡೆ ಅಂತ ಇರೋದಿಲ್ಲ.

ಇನ್ನು ಮೀಸಲು ಪ್ರದೇಶದ ಅಂಚಿನಲ್ಲಿರುವ ಕನ್ಸರ್ವೆನ್ಸಿಗಳು, ಅಂದರೆ ಊರಿನವರೇ ತಮ್ಮ ಜಮೀನು ಸೇರಿಸಿ ಕಾಡುಪ್ರಾಣಿಗಳಿಗೆ ಬಿಟ್ಟ ಜಾಗಗಳು. ನನಗೆ ಈ ವಿಷಯದಲ್ಲಿ ಅತಿ ಮುಖ್ಯ ಅನ್ನಿಸೋದು ಇವೇ, ಆದರೆ ಇವುಗಳ ಬಗ್ಗೆ ಕನ್ನಡದಲ್ಲಿ ನಾನು ಓದಿರೋದು ಬಹಳ ಕಡಿಮೆ. ಮಾರಾದ ಉತ್ತರಕ್ಕೂ ಪೂರ್ವಕ್ಕೂ ಇರುವ ಜಮೀನು ಮೊದಲು ದನ ಸಾಕಿ ಬದುಕುವ ಮಸಾಯಿ ಜನರ ಸಾಮೂಹಿಕ ಗೋಮಾಳದ ಥರ ಇತ್ತು. ಆಮೇಲೆ ಅದನ್ನು ಕುಟುಂಬಕ್ಕಿಷ್ಟು ಅಂತ ಪಾಲು ಮಾಡಿದರು. ಪಾಲಾದ ಮೇಲೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಲಿ ಬರುತ್ತೆ, ಗೋಧಿ ಬರುತ್ತೆ, ಸೈಟು ಮಾರೋರು ಬರುತ್ತಾರೆ. 2005-06ರ ಸುಮಾರಿಗೆ ಓಲ್ ಕಿನ್ಯೇ, ಓಲಾರೆ ಓರೋಕ್ ಕಡೆ ಬೇರೆ ಪ್ರಯೋಗ ಶುರುವಾಯಿತು. ಅಕ್ಕಪಕ್ಕದ ಜಮೀನಿನವರು ತಮ್ಮ ಪಾಲುಗಳನ್ನು ಒಟ್ಟು ಸೇರಿಸಿ ಕ್ಯಾಂಪ್ ನಡೆಸುವವರಿಗೆ ಗುತ್ತಿಗೆಗೆ ಕೊಟ್ಟರು. ಪ್ರವಾಸಿಗರು ಬರಲಿ, ಬರದಿರಲಿ, ಎಕರೆಗಿಷ್ಟು ಅಂತ ಬಾಡಿಗೆ ನೇರವಾಗಿ ಅವರ ಖಾತೆಗೆ. ಇವತ್ತು ನಬೋಯಿಶೋ, ಮಾರಾ ನಾರ್ತ್, ಓಲಾರೆ ಮೋಟೊರೋಗಿ ಹೀಗೆ ಹತ್ತಾರು ಕನ್ಸರ್ವೆನ್ಸಿಗಳಿವೆ.

ಓಲಾರೆ ಮೋಟೊರೋಗಿಯಲ್ಲಿ 700 ಎಕರೆಗೆ ಒಂದು ಟೆಂಟ್ ಅನ್ನೋ ಲೆಕ್ಕ. ಒಂದು ಪ್ರಾಣಿಯ ಹತ್ತಿರ ಬೆರಳೆಣಿಕೆಯಷ್ಟು ಗಾಡಿ. ಆ ಕನ್ಸರ್ವೆನ್ಸಿಯಲ್ಲಿ ಉಳಿದುಕೊಂಡವರನ್ನು ಬಿಟ್ಟು ಬೇರೆಯವರಿಗೆ ಪ್ರವೇಶ ಇಲ್ಲ. ಮೀಸಲು ಪ್ರದೇಶದೊಳಗೆ ಸಿಗದ ನಡಿಗೆ, ರಾತ್ರಿ ಸಫಾರಿ ಇಲ್ಲಿ ಸಿಗುತ್ತದೆ. ಅಲ್ಲಿನ ಸಂಜೆಯಲ್ಲಿ ಎಂಜಿನ್ ಆಫ್ ಮಾಡಿ ಕೂತರೆ ಸಿಂಹ ಮೂಳೆ ಕಡಿಯುವ ಸದ್ದು ಕೇಳುತ್ತೆ. ಮುಖ್ಯ ಮೀಸಲು ಪ್ರದೇಶದಲ್ಲಿ ಸೀಸನ್ ಹೊತ್ತಿನಲ್ಲಿ ನಮಗೆ ಕೇಳೋದು ಡೀಸೆಲ್ ಗಾಡಿಗಳ ಸದ್ದು.

ದುಬಾರಿ ನಿಜ. ದೋಷಗಳೂ ಇವೆ. ಜಮೀನಿನ ಪತ್ರ ಬಹುತೇಕ ಗಂಡಸರ ಹೆಸರಲ್ಲಿರೋದರಿಂದ ಬಾಡಿಗೆ ಹೆಣ್ಣುಮಕ್ಕಳ ಕೈಗೆ ಸೇರೋದು ಕಡಿಮೆ. ದನ ಮೇಯಿಸೋಕೆ ಎಲ್ಲಿ, ಯಾವಾಗ ಬಿಡಬೇಕು ಅನ್ನೋ ಜಗಳ ಮುಗಿದಿಲ್ಲ. 2020ರಲ್ಲಿ ಕೋವಿಡ್ ಬಂದು ಕ್ಯಾಂಪ್‌ಗಳು ಖಾಲಿಯಾದಾಗ ಎಷ್ಟೋ ಕಡೆ ಬಾಡಿಗೆಯನ್ನು ಕಡಿತ ಮಾಡಿದರು, ದನ ಬಿಟ್ಟರೆ ಬೇರೆ ಆಸರೆ ಇಲ್ಲದವರಿಗೆ ಅದು ದೊಡ್ಡ ಹೊಡೆತ. ಪ್ರವಾಸಿಗರ ದುಡ್ಡನ್ನೇ ನಂಬಿ ಕಾಡು ಉಳಿಸೋದರಲ್ಲಿ ಇರುವ ಅಪಾಯ ಇದು. ಇಷ್ಟಾದರೂ ನಾನು ಕನ್ಸರ್ವೆನ್ಸಿಗಳ ಪರ. ಯಾಕಂದರೆ ಕೀನ್ಯಾದ ಕಾಡುಪ್ರಾಣಿಗಳಲ್ಲಿ ಹೆಚ್ಚಿನವು ಇರೋದು ಸರ್ಕಾರಿ ಪಾರ್ಕುಗಳ ಹೊರಗೆ, ಇಂಥ ಜಮೀನುಗಳಲ್ಲೇ. 1977ರಿಂದ 2016ರವರೆಗೆ ಆ ದೇಶದ ಬಯಲುಸೀಮೆಗಳಲ್ಲಿ ದೊಡ್ಡ ಕಾಡುಪ್ರಾಣಿಗಳ ಸಂಖ್ಯೆ ಸರಾಸರಿ 68% ಕುಸಿದಿದೆ ಅಂತ ದೀರ್ಘಕಾಲದ ವೈಮಾನಿಕ ಎಣಿಕೆಗಳು ಹೇಳುತ್ತವೆ. ಸೆರೆಂಗೆಟಿಯಿಂದ ಮಾರಾಗೆ ವರ್ಷವೂ ಬರುವ ವೈಲ್ಡ್‌ಬೀಸ್ಟ್‌ಗಳ (ದೊಡ್ಡ ಜಾತಿಯ ಹುಲ್ಲೆ) ಹೆಸರಾಂತ ವಲಸೆಯಲ್ಲದೆ, ಲೋಯಿಟಾ ಬಯಲಿನಿಂದಲೂ ಒಂದು ವಲಸೆ ಇತ್ತು. ಆ ಇನ್ನೊಂದು ವೈಲ್ಡ್‌ಬೀಸ್ಟ್ ವಲಸೆ ಹೆಚ್ಚುಕಡಿಮೆ ಮುಗಿದೇ ಹೋಗಿದೆ. ಬೇಲಿ, ಬೇಸಾಯ, ಕಟ್ಟಡ, ಎಲ್ಲಾ ಸೇರಿ ದಾರಿ ಮುಚ್ಚಿದವು. ಜಮೀನಿನ ಯಜಮಾನನಿಗೆ ಬೇಲಿ ಹಾಕದೇ ಇದ್ದರೆ ಲಾಭ ಅಂತ ಅನ್ನಿಸದಿದ್ದರೆ ಅವನು ಬೇಲಿ ಹಾಕೇ ಹಾಕುತ್ತಾನೆ.

ಮುಖ್ಯ ಮೀಸಲು ಪ್ರದೇಶವನ್ನು ನೋಡಿಕೊಳ್ಳುವ ನಾರೋಕ್ ಕೌಂಟಿ (ನಮ್ಮ ಜಿಲ್ಲಾಡಳಿತದ ಥರ) ಜನಜಂಗುಳಿಗೆ ಕಂಡುಕೊಂಡ ಮದ್ದು ಟಿಕೆಟ್ ದರ. 2024ರ ಜನವರಿಯಿಂದ ವಿದೇಶಿಯರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ಮೊದಲು 24 ಗಂಟೆಗೆ ಇದ್ದ ಟಿಕೆಟ್ ಈಗ ಬೆಳಿಗ್ಗೆ 6ರಿಂದ ಸಂಜೆ 6ಕ್ಕೆ ಮುಗಿಯುತ್ತದೆ. ಸೀಸನ್‌ನಲ್ಲಿ ತಲೆಗೆ ದಿನಕ್ಕೆ 17 ಸಾವಿರ ರೂಪಾಯಿಗೂ ಮೇಲಾಯಿತು. ದರ ಏರಿಸಿದ್ದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು, ಇಷ್ಟು ಗಾಡಿಗಿಂತ ಹೆಚ್ಚು ಬಿಡೋದಿಲ್ಲ ಅನ್ನೋ ಮಿತಿ ಗೇಟಿನಲ್ಲಿ ಇಲ್ಲದ್ದಕ್ಕೆ. ಜೊತೆಗೆ ಒಳಗೆ ಹೊಸ ವಸತಿಗಳು ಬರುತ್ತಲೇ ಇವೆ. 2025ರ ಆಗಸ್ಟ್‌ನಲ್ಲಿ ಸ್ಯಾಂಡ್ ನದಿಯ ದಡದಲ್ಲಿ ರಿಟ್ಜ್ ಕಾರ್ಲ್‌ಟನ್ ಹೆಸರಿನ ಐಷಾರಾಮಿ ಕ್ಯಾಂಪ್ ತೆರೆದಾಗ, ಅದು ವಲಸೆಯ ದಾರಿಯಲ್ಲಿದೆ ಅಂತ ಮಸಾಯಿ ಮುಖಂಡರೊಬ್ಬರು ಕೋರ್ಟಿಗೆ ಹೋದರು. ದಾರಿಗೆ ಅಡ್ಡಿ ಇಲ್ಲ ಅಂತ ಕೀನ್ಯಾದ ವನ್ಯಜೀವಿ ಇಲಾಖೆ ಹೇಳಿತು. ಯಾರ ಮಾತು ಸರಿ ಅನ್ನೋದು ಒಂದು ಕಡೆ ಇರಲಿ. ಆ ನದಿದಡದಲ್ಲಿ ಇನ್ನೂ ಒಂದು ಕ್ಯಾಂಪ್ ಬೇಕಿತ್ತಾ ಅನ್ನೋದು ನನ್ನ ಪ್ರಶ್ನೆ.

ಗಡಿ ದಾಟಿದರೆ ತಾಂಜಾನಿಯಾದ ಸೆರೆಂಗೆಟಿ. 14,763 ಚದರ ಕಿ.ಮೀ., ಮಾರಾದ ಸುಮಾರು ಹತ್ತರಷ್ಟು. ವೈಲ್ಡ್‌ಬೀಸ್ಟ್‌ಗಳು ಹತ್ತು ಹನ್ನೆರಡು ಲಕ್ಷಕ್ಕೂ ಮೇಲೆ ಅಂತ ಬಹಳ ಕಾಲದ ಅಂದಾಜು, ಅವು ವರ್ಷದ ಹೆಚ್ಚಿನ ತಿಂಗಳು ಇರೋದು ಇಲ್ಲೇ, ಮಾರಾದಲ್ಲಿ ಅಲ್ಲ. ಜಾಗ ದೊಡ್ಡದು ಅಂದಮೇಲೆ ಜನಜಂಗುಳಿ ಇರಲ್ಲ ಅಂತ ಅಂದುಕೊಳ್ಳಬಾರದು, ಎಲ್ಲರೂ ಹೋಗೋದು ವಲಸೆಯ ಪ್ರಾಣಿಗಳು ಮಾರಾ ನದಿ ದಾಟುವ ಅದೇ ಜಾಗಕ್ಕೆ. 2025ರ ಜುಲೈನಲ್ಲಿ ಉತ್ತರ ಸೆರೆಂಗೆಟಿಯ ಒಂದು ವಿಡಿಯೊ ಎಲ್ಲಾ ಕಡೆ ಓಡಾಡಿತು. ಪ್ರವಾಸಿಗರು ಗಾಡಿಯಿಂದ ಇಳಿದು ಮಾರಾ ನದಿಯ ದಡದ ಉದ್ದಕ್ಕೂ ಫೋನ್ ಹಿಡಿದು ಸಾಲಾಗಿ ನಿಂತಿದ್ದಾರೆ, ಪ್ರಾಣಿಗಳಿಗೆ ದಡ ಹತ್ತೋಕೆ ದಾರಿಯೇ ಇಲ್ಲ. ಮೊಸಳೆ ಇರುವ ನೀರಿನಲ್ಲಿ ಈಜಿ ಬಂದ ಪ್ರಾಣಿಗೆ ಈ ಕಡೆ ಮನುಷ್ಯರ ಗೋಡೆ. ಪಾರ್ಕ್ ಆಡಳಿತಕ್ಕೆ ಉತ್ತರ ಕೊಡಬೇಕಾಗಿ ಬಂತು.

ನದಿ ದಾಟೋದನ್ನೇ ನೋಡಬೇಕು ಅನ್ನೋ ಹಠ ಬಿಟ್ಟವರಿಗೆ ಸೆರೆಂಗೆಟಿ ಬಹಳ ಕೊಡುತ್ತದೆ. ಫೆಬ್ರುವರಿ ಹೊತ್ತಿಗೆ ದಕ್ಷಿಣದ ಎನ್ಡೂಟು ಬಯಲಿನಲ್ಲಿ ಎರಡು ಮೂರು ವಾರದೊಳಗೆ ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್ ಕರುಗಳು ಹುಟ್ಟುತ್ತವೆ. ಒಟ್ಟಿಗೆ ಹುಟ್ಟೋದೇ ಅವುಗಳ ರಕ್ಷಣೆ, ಸಿಂಹ ಕತ್ತೆಕಿರುಬಗಳು ತಿಂದು ತಿಂದು ಸಾಕಾದರೂ ಸಾವಿರಾರು ಕರು ಉಳಿದಿರುತ್ತವೆ. ಹುಟ್ಟಿದ ಕೆಲವೇ ನಿಮಿಷಕ್ಕೆ ಕರು ಎದ್ದು, ಮುಗ್ಗರಿಸಿ, ಮತ್ತೆ ಎದ್ದು, ತಾಯಿಯ ಹೊಟ್ಟೆಗೆ ಅಂಟಿಕೊಂಡು ಓಡೋದನ್ನು ಮಾರಾ ನದಿಯ ಯಾವ ದೃಶ್ಯಕ್ಕೂ ನಾನು ಬಿಟ್ಟುಕೊಡೋದಿಲ್ಲ. ಆದರೆ ಎನ್ಡೂಟುವಿನ ಒಂದು ಭಾಗದಲ್ಲಿ ರಸ್ತೆ ಬಿಟ್ಟು ಓಡಿಸೋಕೆ ಅನುಮತಿ ಇರೋದರಿಂದ ಚೀತಾಗಳ ಸುತ್ತ ಅಲ್ಲೂ ಗಾಡಿ ಮುತ್ತುತ್ತವೆ. ಗಾಡಿ ಹತ್ತುವ ಮೊದಲೇ ಡ್ರೈವರ್‌ಗೆ ‘ನಮಗೆ ದೂರದಿಂದ ನೋಡಿದರೆ ಸಾಕು’ ಅಂತ ಹೇಳಿಬಿಡಿ, ಅವರಿಗೂ ನಿರಾಳ.

ಪಕ್ಕದ ಗೊರೊಂಗೊರೊಗೆ ಎಲ್ಲರೂ ಪೂರ್ತಿ ಮಾರ್ಕ್ಸ್ ಕೊಡುತ್ತಾರೆ. ಸತ್ತ ಜ್ವಾಲಾಮುಖಿಯ 600 ಮೀಟರ್ ಆಳದ ಬಟ್ಟಲು, ತಳದಲ್ಲಿ ಸುಮಾರು 260 ಚದರ ಕಿ.ಮೀ. ಹುಲ್ಲುಗಾವಲು, ಅದರಲ್ಲಿ ಕಪ್ಪು ಘೇಂಡಾಮೃಗವೂ ಸೇರಿ ಬಹುತೇಕ ಎಲ್ಲಾ ಇದೆ. ಜಿರಾಫೆ ಇಲ್ಲ, ಆ ಕಡಿದಾದ ಗೋಡೆ ಅದಕ್ಕೆ ಇಳಿಯೋಕಾಗಲ್ಲ. ಅರ್ಧ ದಿನದಲ್ಲಿ ಇಷ್ಟು ಪ್ರಾಣಿ ಬೇರೆಲ್ಲೂ ಸಿಗೋದು ಕಷ್ಟ, ಒಪ್ಪುತ್ತೇನೆ. ಆದರೆ ಅಲ್ಲಿನ ಕಥೆಯನ್ನು ಪ್ರಾಣಿಗಳಿಗೆ ನಿಲ್ಲಿಸೋದು ತಪ್ಪು. 1959ರಲ್ಲಿ ಸೆರೆಂಗೆಟಿಯಿಂದ ಮಸಾಯಿಗಳನ್ನು ಹೊರಗೆ ಕಳಿಸಿದಾಗ, ಗೊರೊಂಗೊರೊದಲ್ಲಿ ದನಕರುಗಳ ಜೊತೆ ಬದುಕಬಹುದು ಅಂತ ಮಾತು ಕೊಟ್ಟಿದ್ದರು. 2022ರಿಂದ ಅವರನ್ನು ಅಲ್ಲಿಂದ ನೂರಾರು ಕಿ.ಮೀ. ದೂರದ ಎಂಸೊಮೆರಾಗೆ ಸಾಗಿಸುವ ಕೆಲಸ ನಡೆಯುತ್ತಿದೆ. ಇಷ್ಟಪಟ್ಟು ಹೋಗುತ್ತಿದ್ದಾರೆ ಅಂತ ಸರ್ಕಾರ ಹೇಳುತ್ತದೆ. ಶಾಲೆ, ಆಸ್ಪತ್ರೆಗೆ ದುಡ್ಡು ನಿಲ್ಲಿಸಿ ಹೊರಡೋ ಹಾಗೆ ಮಾಡಿದ್ದಾರೆ ಅಂತ ಅಲ್ಲಿನವರು ಹೇಳುತ್ತಾರೆ. 2024ರ ಆಗಸ್ಟ್‌ನಲ್ಲಿ ಸಾವಿರಾರು ಮಸಾಯಿಗಳು ಪ್ರವಾಸಿಗರು ಓಡಾಡುವ ರಸ್ತೆಯಲ್ಲೇ ಪ್ರತಿಭಟನೆಗೆ ಕೂತರು. ಉತ್ತರದ ಲೋಲಿಯೊಂಡೊದಲ್ಲಿ 2022ರ ಜೂನ್‌ನಲ್ಲಿ 1,500 ಚದರ ಕಿ.ಮೀ. ಜಾಗಕ್ಕೆ ಗಡಿಕಲ್ಲು ಹಾಕುವಾಗ ಗೋಲಿಬಾರ್ ನಡೆದು ಜನ ಗಾಯಗೊಂಡರು. ‘ಮನುಷ್ಯರ ಸೋಂಕಿಲ್ಲದ ಕಾಡು’ ಅಂತ ಗೊರೊಂಗೊರೊ ಬಗ್ಗೆ ಬರೆದದ್ದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಬೇರೆ ರೀತಿಯಲ್ಲೂ ಮಾಡಬಹುದು ಅನ್ನೋದಕ್ಕೆ ದಕ್ಷಿಣ ಆಫ್ರಿಕಾದ ಕ್ರೂಗರ್ ಉತ್ತರದ ಪಫೂರಿ ಸಾಕ್ಷಿ. ಅಲ್ಲಿ ಮಕುಲೆಕೆ ಜನರನ್ನು 1969ರಲ್ಲಿ ಮನೆ ಬಿಡಿಸಿ ಆ ನೆಲವನ್ನು ಪಾರ್ಕಿಗೆ ಸೇರಿಸಿದ್ದರು. ವರ್ಣಭೇದದ ಆಡಳಿತ ಹೋದ ಮೇಲೆ ಅವರು ಭೂಮಿಗೆ ಹಕ್ಕು ಕೇಳಿ, 1998ರಲ್ಲಿ ವಾಪಸ್ ಪಡೆದರು. ಪಡೆದು ಉಳುಮೆಗೆ ಇಳಿಯಲಿಲ್ಲ. ಕಾಡಾಗಿಯೇ ಇಟ್ಟು, ಲಾಡ್ಜ್‌ಗಳಿಗೆ ಗುತ್ತಿಗೆ ಕೊಟ್ಟು, ಆಡಳಿತದಲ್ಲಿ ಪಾಲು ಇಟ್ಟುಕೊಂಡರು. ಸಫಾರಿ ಪಟ್ಟಿಗಳಲ್ಲಿ ಪಫೂರಿಗೆ ಮಾರ್ಕ್ಸ್ ಕಡಿಮೆ, ಸಿಂಹ ಅಷ್ಟು ಸುಲಭವಾಗಿ ಸಿಗಲ್ಲ ಅಂತ. ಬಾವೊಬಾಬ್ ಮರಗಳು, ಹಕ್ಕಿಗಳು, ನದಿಯಂಚಿನ ಹಳದಿ ತೊಗಟೆಯ ‘ಫೀವರ್ ಟ್ರೀ’ ಮರಗಳ ಕಾಡು, ಇವನ್ನೆಲ್ಲಾ ಆ ಪಟ್ಟಿ ಲೆಕ್ಕಕ್ಕೇ ತಗೊಳ್ಳಲ್ಲ.

ಕ್ರೂಗರ್ ಒಟ್ಟಾರೆ ಜನಸಾಮಾನ್ಯರ ಪಾರ್ಕ್. 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಸುಮಾರು 20 ಸಾವಿರ ಚದರ ಕಿ.ಮೀ., ಡಾಂಬರು ರಸ್ತೆ, ಸ್ಕುಕುಜಾ, ಸಟಾರಾ, ಲೋವರ್ ಸಾಬಿ ಥರದ ಸರ್ಕಾರಿ ಕ್ಯಾಂಪ್‌ಗಳು. ಬಾಡಿಗೆ ಕಾರಿನಲ್ಲಿ ನೀವೇ ಓಡಿಸಿಕೊಂಡು ಹೋಗಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಮಿತಿ, ಕಾರಿಂದ ಇಳಿಯೋ ಹಾಗಿಲ್ಲ, ಗೇಟು ಮುಚ್ಚೋ ಮೊದಲು ಕ್ಯಾಂಪ್ ಸೇರಬೇಕು. ಸ್ಕುಕುಜಾದಿಂದ ಲೋವರ್ ಸಾಬಿಗೆ ಹೋಗುವ ನದಿ ರಸ್ತೆಯಲ್ಲಿ ಚಿರತೆ ಕಂಡರೆ ಟ್ರಾಫಿಕ್ ಜಾಮ್ ಆಗುತ್ತೆ, ಅದಂತೂ ನಿಜ. ಪ್ರಾಣಿ ಎಲ್ಲಿದೆ ಅಂತ ಫೋನಿನಲ್ಲಿ ಹಂಚಿಕೊಳ್ಳುವ ಆ್ಯಪ್‌ಗಳಿಂದ ಜನ ಸ್ಪೀಡಾಗಿ ಓಡಿಸಿ ಪ್ರಾಣಿಗಳಿಗೆ ಗುದ್ದುತ್ತಿದ್ದಾರೆ ಅಂತ 2016ರಲ್ಲೇ ಪಾರ್ಕ್ ಆಡಳಿತ ಎಚ್ಚರಿಸಿತ್ತು. ಆದರೂ ಗಾಡಿ ರಸ್ತೆ ಬಿಟ್ಟು ಇಳಿಯೋ ಹಾಗಿಲ್ಲ ಅನ್ನೋ ಒಂದೇ ನಿಯಮ ಪ್ರಾಣಿಗೆ ದೊಡ್ಡ ರಕ್ಷಣೆ. ಅದಕ್ಕೆ ಬೇಸರ ಬಂದರೆ ಹತ್ತು ಹೆಜ್ಜೆ ಒಳಗೆ ಹೋಗಿ ಮಲಗುತ್ತೆ. ಪಕ್ಕದ ಸಾಬಿ ಸ್ಯಾಂಡ್ ಖಾಸಗಿ ಮೀಸಲು, ಕ್ರೂಗರ್ ಜೊತೆಗಿನ ಬೇಲಿ 1993ರಲ್ಲೇ ಹೋಗಿದೆ, ಪ್ರಾಣಿಗಳು ಆ ಕಡೆ ಈ ಕಡೆ ಓಡಾಡುತ್ತವೆ. ಚಿರತೆ ನೋಡೋದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ ಅನ್ನೋದು ಸರಿಯೇ. ರೇಡಿಯೊದಲ್ಲೇ ಸರದಿ ಹಾಕಿ ಒಂದು ಸಲಕ್ಕೆ ಎರಡು ಮೂರು ಗಾಡಿ ಮಾತ್ರ ಬಿಡುತ್ತಾರೆ. ಬೆಲೆ ಮಾತ್ರ ನಮ್ಮಲ್ಲಿ ಬಹುತೇಕರಿಗೆ ಕೈಗೆಟುಕದ್ದು.

ನನಗೆ ಅತಿ ಇಷ್ಟದ ವ್ಯವಸ್ಥೆ ನಮೀಬಿಯಾದ ಎಟೋಷಾದಲ್ಲಿದೆ. ಸುಮಾರು 4,800 ಚದರ ಕಿ.ಮೀ. ಉಪ್ಪಿನ ಬಯಲು, ಅದರ ದಕ್ಷಿಣದಂಚಿನಲ್ಲಿ ನೀರಿನ ಹೊಂಡಗಳು. ಒಣಗಾಲದಲ್ಲಿ ಬೇರೆಲ್ಲೂ ನೀರಿಲ್ಲ, ಪ್ರಾಣಿಗಳೇ ಬರಬೇಕು. ಒಕಾಕುಯೆಯೊ ಕ್ಯಾಂಪಿನಲ್ಲಿ ತಗ್ಗು ಗೋಡೆಯ ಹಿಂದೆ ಬೆಂಚುಗಳಿವೆ, ರಾತ್ರಿ ಮಂದ ಬೆಳಕು ಇರುತ್ತೆ. ಎಂಜಿನ್ ಇಲ್ಲ, ರೇಡಿಯೊ ಇಲ್ಲ, ಓಡಿಸಿಕೊಂಡು ಹೋಗೋದಿಲ್ಲ. ಜನ ಮಾತಾಡದೆ ಕೂತಿರುತ್ತಾರೆ. ಕಪ್ಪು ಘೇಂಡಾಮೃಗ ಕತ್ತಲಿಂದ ಬರುತ್ತೆ, ನೀರು ಕುಡಿಯುತ್ತೆ, ಆನೆಗಳು ಬಂದರೆ ಬುಸುಗುಟ್ಟಿ ಜಗಳಕ್ಕೆ ನಿಲ್ಲುತ್ತೆ. ಬರೋದೂ ಹೋಗೋದೂ ಅದರ ಇಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಹೊತ್ತಿದ ಬೆಂಕಿ ಈ ಪಾರ್ಕಿನ ಸುಮಾರು ಮೂರನೇ ಒಂದು ಭಾಗವನ್ನು ಸುಟ್ಟಿತು, ಸೈನಿಕರನ್ನು ಕಳಿಸಬೇಕಾಯಿತು. ಹಾಗಾಗಿ ಅದಕ್ಕಿಂತ ಹಿಂದೆ ಬರೆದ ಯಾವ ವಿಮರ್ಶೆಯನ್ನೂ ಕಣ್ಣುಮುಚ್ಚಿ ನಂಬಬೇಡಿ.

ಹಳೆಯ ವಿಮರ್ಶೆ ನಂಬಿ ಕೆಡೋದಕ್ಕೆ ಇನ್ನೊಂದು ಉದಾಹರಣೆ ಕೀನ್ಯಾದ ನಕುರು ಸರೋವರ. ‘ಗುಲಾಬಿ ಬಣ್ಣದ ಕೆರೆ, ಲಕ್ಷಾಂತರ ಫ್ಲೆಮಿಂಗೊ’ ಅಂತ ಈಗಲೂ ಬ್ರೋಶರ್‌ಗಳಲ್ಲಿದೆ. 2010ರ ನಂತರ ಆ ಕೆರೆಯ ನೀರು ಏರಿ ರಸ್ತೆಗಳು, ಹಳೆಯ ಗೇಟು ಮುಳುಗಿದವು. ಉಪ್ಪಿನಂಶ ತಗ್ಗಿ ಫ್ಲೆಮಿಂಗೊ ತಿನ್ನುವ ಪಾಚಿ ಕಡಿಮೆಯಾಯಿತು, ಹಕ್ಕಿಗಳು ಬೊಗೋರಿಯಾ ಕಡೆಗೆ ಹೋದವು. ಘೇಂಡಾಮೃಗ ನೋಡೋಕೆ ನಕುರು ಈಗಲೂ ಒಳ್ಳೆಯದು, ಫ್ಲೆಮಿಂಗೊಗೋಸ್ಕರ ಹೋಗಬೇಡಿ.

ಬೋಟ್ಸ್ವಾನಾ ಬಗ್ಗೆ ಎರಡು ಮಾತು. ಕಡಿಮೆ ಜನ, ಜಾಸ್ತಿ ದರ ಅನ್ನೋದು ಅಲ್ಲಿನ ಸರ್ಕಾರದ ನೀತಿ. ಓಕಾವಾಂಗೊ ಡೆಲ್ಟಾದ ಮೋರೆಮಿಯನ್ನು 1963ರಲ್ಲಿ ಬಟವಾನಾ ಜನ ತಮ್ಮ ನೆಲದಲ್ಲಿ ತಾವೇ ಮೀಸಲು ಮಾಡಿದರು, ಇದು ನನಗೆ ಬಹಳ ದೊಡ್ಡ ಸಂಗತಿ. ಅದೇ ದೇಶ ಮಧ್ಯ ಕಲಹಾರಿಯಿಂದ ಅಲ್ಲಿನ ಮೂಲನಿವಾಸಿ ಸಾನ್ ಜನರನ್ನು ಹೊರಗಟ್ಟಿತ್ತು, 2006ರಲ್ಲಿ ಹೈಕೋರ್ಟ್ ಸಾನ್ ಜನರ ಪರ ತೀರ್ಪು ಕೊಟ್ಟಿತು. ಒಂದು ದೇಶಕ್ಕೆ ಒಂದೇ ಮಾರ್ಕ್ಸ್ ಕೊಡೋಕಾಗಲ್ಲ.

ಈ ಜಗಳ ನಮಗೆ ಹೊಸದಲ್ಲ. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಬಲಿಯಾದ ಮೇಲೆ ನಾಗರಹೊಳೆ, ಬಂಡೀಪುರದ ಸಫಾರಿಯನ್ನು ರಾಜ್ಯ ಸರ್ಕಾರ ನಿಲ್ಲಿಸಿದಾಗ, ಕಾಡಂಚಿನ ರೈತರು ಕೇಳುತ್ತಿದ್ದ ಪ್ರಶ್ನೆ ಮಸಾಯಿಗಳದ್ದೇ: ಸಫಾರಿಯ ದುಡ್ಡು ಯಾರಿಗೆ, ಹುಲಿಯ ಕಾಟ ಯಾರಿಗೆ?

ಹಾಗಾದರೆ ಹೋಗುವವರು ಏಜೆಂಟ್ ಹತ್ತಿರ ಏನು ಕೇಳಬೇಕು? ಮಾರಾ ಅಂದರೆ ಟ್ರಯಾಂಗಲ್ಲಾ, ಕನ್ಸರ್ವೆನ್ಸಿಯಾ, ಗೇಟಿನ ಹೊರಗಿನ ಹೋಟೆಲ್ಲಾ ಅಂತ ಕೇಳಿ. ಕ್ಯಾಂಪಿನ ಜಮೀನಿಗೆ ಬಾಡಿಗೆ ಯಾರಿಗೆ ಹೋಗುತ್ತೆ ಅಂತ ಕೇಳಿ, ಒಳ್ಳೆ ಕ್ಯಾಂಪಿನವರು ಇದಕ್ಕೆ ಖುಷಿಯಿಂದ ಉತ್ತರ ಕೊಡುತ್ತಾರೆ. ಗಾಡಿಯಲ್ಲಿ ಎಷ್ಟು ಜನ, ಎಲ್ಲರಿಗೂ ಕಿಟಕಿ ಸಿಗುತ್ತಾ, ಕೇಳಿ. ಕೊನೆಯ ದಿನ ತಡವಾಗಿ ಹೊರಟರೆ ಇನ್ನೊಂದು ದಿನದ ಟಿಕೆಟ್ ಬೀಳುತ್ತಾ, ಅದನ್ನೂ ಕೇಳಿ. ‘ಬಿಗ್ ಫೈವ್ ಗ್ಯಾರಂಟಿ’ ಅಂತ ಬರೆದಿರುವ ಪ್ಯಾಕೇಜ್ ತಗೊಳ್ಳಬೇಡಿ, ಆ ಗ್ಯಾರಂಟಿ ಉಳಿಸಿಕೊಳ್ಳೋಕೆ ಡ್ರೈವರ್ ಏನು ಮಾಡಬೇಕಾಗುತ್ತೆ ಅಂತ ಮೇಲೆ ಹೇಳಿದ್ದೇನೆ. ಕೀನ್ಯಾದಿಂದ ವಾಪಸ್ ಬರುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು, ಹೊರಡೋಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಿ.

ಬಜೆಟ್ ಕಡಿಮೆ ಇದ್ದರೆ ಜನವರಿ, ಫೆಬ್ರುವರಿ ಅಥವಾ ಜೂನ್‌ನಲ್ಲಿ ಮಾರಾ ಟ್ರಯಾಂಗಲ್‌ಗೆ ಹೋಗಿ. ಟಿಕೆಟ್ ಅರ್ಧ, ಗಾಡಿಯೂ ಕಡಿಮೆ, ಸಿಂಹಗಳಂತೂ ವರ್ಷಪೂರ್ತಿ ಅಲ್ಲೇ ಇರುತ್ತವೆ. ಡ್ರೈವಿಂಗ್ ಬರುತ್ತೆ ಅಂದರೆ ಕ್ರೂಗರ್. ನಮ್ಮ ಹಾಗೇ ಎಡಗಡೆ ಓಡಿಸೋದು, ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡರೆ ಕಾರು ಬಾಡಿಗೆಗೆ ಪಡೆಯುವಾಗ ತಾಪತ್ರಯ ಇರಲ್ಲ. ಸಟಾರಾದಲ್ಲಿ ಎರಡು ರಾತ್ರಿ, ಆಮೇಲೆ ಉತ್ತರಕ್ಕೆ ಪುಂಡಾ ಮರಿಯಾ ಕಡೆ ಎರಡು ರಾತ್ರಿ ಇಟ್ಟುಕೊಳ್ಳಿ. ಅಡುಗೆಮನೆ ಇರುವ ಕಾಟೇಜ್‌ಗಳು ಸಿಗುತ್ತವೆ, ಅಕ್ಕಿ ಬೇಳೆ ಇದ್ದರೆ ಊಟದ ಚಿಂತೆ ಇಲ್ಲ.